ಬಾಕಿ ಬಿಟ್ಟ ಮಚ್ಚೆ

ನಮ್ಮ ಬಣ್ಣದ ಮೇಷ್ಟ್ರ ಬಲಗೈ ಉಂಗುರದ ಬೆರಳಿನ ತುದಿ ಸದಾ ಕೆಂಪಗಿರುತ್ತಿತ್ತು. ನಲವತ್ತು ವರ್ಷ ನಾಟಕದವರ ಹಣೆಗೆ, ತುಟಿಗೆ ಇಂಗಳೀಕದ ಕೆಂಪು ತೀಡಿದ ಬೆರಳು ಅದು. ಸೋಪು, ಸೀಮೆಎಣ್ಣೆ ಯಾವುದಕ್ಕೂ ಬಗ್ಗುತ್ತಿರಲಿಲ್ಲ. ಊಟ ಮಾಡುವಾಗ ಅದೊಂದನ್ನು ಅನ್ನಕ್ಕೆ ತಾಗಿಸದೆ ಎತ್ತಿ ಹಿಡಿದುಕೊಳ್ಳುತ್ತಿದ್ದರು.

ಕಂಪನಿ ನಾಟಕ ನಿಂತ ಮೇಲೆ ಅವರು ಕಳಸದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು. ನಾನು ಮೂಡಿಗೆರೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟವಳು. ಹುಬ್ಬು ತಿದ್ದುವುದು ಬಿಟ್ಟು ಬೇರೇನೂ ಬಾರದ ನನಗೆ ಮುಖವನ್ನು ನೋಡಲು ಕಲಿಸಿದವರು ಅವರೇ. ಬಣ್ಣ ಹಚ್ಚುವ ಮೊದಲೊಮ್ಮೆ, ಒರೆಸಿದ ಮೇಲೊಮ್ಮೆ, ಎದುರು ಕುಳಿತವರ ಹೆಸರು ಕೇಳುತ್ತಿದ್ದರು. ದಿನಾ ನೋಡುವವರಾದರೂ ಸರಿ.

"ಗೊತ್ತಿದ್ದೂ ಕೇಳ್ತೀರಲ್ಲ ಮೇಷ್ಟ್ರೇ?" ಎಂದರೆ, "ನಂಗೆ ಗೊತ್ತುಂಟು ಮಾರಾಯ್ತಿ. ಅವ್ರಿಗೆ ನೆನಪುಂಟಾ ನೋಡ್ಬೇಕಲ್ಲ" ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು.

ಬಾಳೂರಿನ ಕಡೆಯ ಎಸ್ಟೇಟ್ ಮನೆಯೊಂದರ ದೊಡ್ಡಮ್ಮನವರಿಗೆ ತೊಂಬತ್ತು ದಾಟಿತ್ತು. ಆರು ವರ್ಷದವರಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಉಳಿದದ್ದು ಒಂದು ಕಪ್ಪುಬಿಳುಪಿನ ಫೋಟೋ. ಕಣ್ಣು ಮುಚ್ಚುವ ಮೊದಲು ಅವ್ವನ ಮುಖ ಒಮ್ಮೆ ನೋಡಬೇಕು ಎಂಬುದೊಂದೇ ಅವರ ಹಂಬಲ. ಮೊಮ್ಮಗಳು ತಾನೇ ಮುತ್ತಜ್ಜಿಯಂತೆ ಸಿಂಗರಿಸಿಕೊಳ್ಳುತ್ತೇನೆಂದು ನನ್ನ ಬಳಿ ಬಂದಳು. ನಾನು ಮೇಷ್ಟ್ರನ್ನು ಜೀಪಿನಲ್ಲಿ ಕರೆದುಕೊಂಡು ಹೋದೆ.

ಫೋಟೋದಲ್ಲಿ ತುಟಿ ಕಪ್ಪು, ಬೊಟ್ಟೂ ಕಪ್ಪು. ನಾನು ಕಡುಬಣ್ಣದ ಲಿಪ್‌ಸ್ಟಿಕ್ ತೆಗೆದೆ.

"ಥೋ, ಇಡು ಅದನ್ನ! ಆಗಿನ ಫೋಟೋದಲ್ಲಿ ಕೆಂಪೆಲ್ಲ ಕಪ್ಪಾಗೇ ಬೀಳೋದು. ಎಲೆ ಅಡಿಕೆ ತುಟಿ ಇದು" ಎಂದು ಮೇಷ್ಟ್ರು ಎಲೆ ತರಿಸಿ ಹುಡುಗಿಗೆ ಅಗಿಯಲು ಕೊಟ್ಟರು. ಮುಖಕ್ಕೆ ಅರಿಶಿನ ಹಚ್ಚಿ ತೊಳೆಸಿದರು. ಹಣೆಗೆ ಮೇಣ ಸವರಿ ಅದರ ಮೇಲೆ ಕುಂಕುಮ, ಕಣ್ಣಿಗೆ ಹರಳೆಣ್ಣೆ ದೀಪದ ಕಾಡಿಗೆ. ಕಡೆಗೆ ಫೋಟೋದಲ್ಲಿದ್ದ ಗಲ್ಲದ ಮೇಲಿನ ಮಚ್ಚೆ ಉಳಿಯಿತು. ಕಾಡಿಗೆ ಕಡ್ಡಿ ಎತ್ತಿದ ನನ್ನ ಕೈಯನ್ನು ಅವರು ತಡೆದರು.

"ಅದೊಂದು ಬಾಕಿ ಇರ್ಲಿ. ಹೋದವರ ಮುಖ ಪೂರ್ತಿ ಮಾಡ್ಬಾರ್ದು."

ದೊಡ್ಡಮ್ಮನವರು ಮೊಮ್ಮಗಳನ್ನು ಬಹಳ ಹೊತ್ತು ನೋಡಿದರು. "ಚಂದ ಕಾಣ್ತೀಯ ಪುಟ್ಟೀ. ಅವ್ವನ ಹಾಗೇ ಉಂಟು. ಆದ್ರೆ ಅವ್ವ ಅಲ್ಲ" ಎಂದು ಗೋಡೆಯ ಕಡೆ ತಿರುಗಿದರು. ಮೇಷ್ಟ್ರು ಕೈ ತೊಳೆಯಲು ಹೊರಗೆ ಹೋಗಿದ್ದರು. ಮೇಷ್ಟ್ರದು ಮುದುಕರ ಹಠ, ಇದ್ದದ್ದೇ ಎಂದುಕೊಂಡು ನಾನು ಆ ಚುಕ್ಕೆ ಇಟ್ಟೇಬಿಟ್ಟೆ.

ಹುಡುಗಿ ಒಮ್ಮೆ ಉಸಿರೆಳೆದುಕೊಂಡಳು. ನಿಧಾನವಾಗಿ ಮಂಚದ ಬಳಿ ಹೋಗಿ ಅಜ್ಜಿಯ ಹಣೆ ಮುಟ್ಟಿ, "ಜ್ವರ ಬಿಡ್ತಾ ಮಗಾ?" ಎಂದಳು.

ದೊಡ್ಡಮ್ಮನವರು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಬಿಡ್ತು ಕಣವ್ವಾ. ಯಾವಾಗ್ಲೋ ಬಿಡ್ತು. ನೀನೇ ಬರ್ಲಿಲ್ಲ" ಎಂದು ಮಗುವಿನ ದನಿಯಲ್ಲಿ ಅತ್ತರು.

ಹಾಡುಹಗಲು. ಅಂಗಳದಲ್ಲಿ ಕಾಫಿ ಒಣಗುತ್ತಿತ್ತು. ನಾನು ಹುಡುಗಿಯ ಹೆಸರು ಹಿಡಿದು ಎರಡು ಸಲ ಕೂಗಿದೆ. ಅವಳು ತಿರುಗಿ ನೋಡಲಿಲ್ಲ.

ಒಳಬಂದ ಮೇಷ್ಟ್ರು ನನ್ನನ್ನು ಬೈಯಲಿಲ್ಲ. ದೊಡ್ಡಮ್ಮನವರಿಗೆ ಕೈಮುಗಿದು, "ಅಮ್ಮಾವ್ರೇ, ಮಾತಾಡಿ ಆಯ್ತಲ್ಲ. ಇನ್ನು ಕಳ್ಸಿಕೊಡಿ" ಎಂದರು. ದೊಡ್ಡಮ್ಮನವರು ಒಂದೊಂದೇ ಬೆರಳು ಸಡಿಲಿಸಿದರು. ಮೇಷ್ಟ್ರು ತಮ್ಮ ಕೆಂಪು ಬೆರಳಿನಿಂದ ಮಚ್ಚೆ ಒರೆಸಿ, "ನಿಮ್ಮ ಹೆಸರೇನಮ್ಮಾ?" ಎಂದರು. ಹುಡುಗಿ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಮೂರನೇ ಸಲ ಕೇಳಿದಾಗ ಹೆಸರು ಹೇಳಿ ಬಿಕ್ಕಿಬಿಕ್ಕಿ ಅತ್ತಳು. ಜ್ವರ ಬಿಡ್ತಾ ಎಂದು ಕೇಳಿದ್ದೇ ಅವಳಿಗೆ ನೆನಪಿರಲಿಲ್ಲ. ತಾಯಿ ತೀರಿಕೊಂಡಾಗ ತಾನು ಜ್ವರದಲ್ಲಿ ಮಲಗಿದ್ದೆನೆಂದು ದೊಡ್ಡಮ್ಮನವರು ಅಲ್ಲಿಯತನಕ ಯಾರಿಗೂ ಹೇಳಿರಲಿಲ್ಲ.

ವಾಪಸ್ಸು ಬರುವಾಗ ಜೀಪಿನಲ್ಲಿ ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನದು ಹಾಳು ಜಂಬ. ನಾಳೆ ಹೇಳಿದರಾಯಿತು ಎಂದು ಮುಂದೂಡುತ್ತಲೇ ಇದ್ದೆ, ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಅವರ ನೆನಪಿನ ಸಭೆಗೆ ನಾಟಕದ ಹುಚ್ಚಿನ ಬ್ಯಾಂಕಿನವರೊಬ್ಬರು ಮೇಷ್ಟ್ರ ವೇಷ ಹಾಕಿಕೊಂಡಿದ್ದರು. ಅದೇ ದಪ್ಪ ಕನ್ನಡಕ, ಅದೇ ಬಾಗಿದ ಬೆನ್ನು. ಉಂಗುರದ ಬೆರಳನ್ನು ನನ್ನ ಮುಂದೆ ಚಾಚಿ, "ಇದೊಂದು ಬಾಕಿ ಮೇಡಂ. ಕೆಂಪು ನೀವೇ ಹಚ್ಚಿ" ಎಂದರು.

ಮೇಷ್ಟ್ರ ಇಂಗಳೀಕದ ಡಬ್ಬಿ ನನ್ನ ಹತ್ತಿರವೇ ಇತ್ತು. ಒಂದು ಸಲ, ಒಂದೇ ಒಂದು ಸಲ ಅವರು ಎದುರಿಗೆ ಬಂದರೆ ತಪ್ಪಾಯಿತು ಎಂದು ಹೇಳಿಬಿಡಬಹುದಿತ್ತು. ಮುಚ್ಚಳ ತೆಗೆದೆ. ನನ್ನ ಬೆರಳು ಬಣ್ಣದ ತನಕ ಹೋಯಿತು. ಮತ್ತೆ ಮುಚ್ಚಿದೆ.

"ನಿಮ್ಮ ಹೆಸರು ಹೇಳಿ ಸಾರ್" ಎಂದೆ.

ಅವರು ನಕ್ಕರು. "ನಿಮಗೆ ಗೊತ್ತಲ್ಲ ಮೇಡಂ?"

"ಗೊತ್ತುಂಟು. ಆದ್ರೂ ಹೇಳಿ."