ಗೆರ್ಲೋಫನ ದನಿ ಇದ್ದ ಡಿಸ್ಕು

ವೀಬ್ರೆನ್‌ಗೆ ಕೆಟ್ಟುಹೋದ ವಸ್ತುಗಳನ್ನು ಕಂಡರೆ ಬೇಸರವಿರಲಿಲ್ಲ, ಅರೆಬರೆ ಕೆಲಸ ಕಂಡರೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಯಾರಾದರೂ ಟೇಪು ಸುತ್ತಿದ ವೈರು ತಂದರೆ ಮೊದಲು ಬೈಗುಳ, ಆಮೇಲೆ ರಿಪೇರಿ. ಲೆಮ್ಮರ್ ಊರಿನ ಹಾಲಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು ನಿವೃತ್ತನಾದ ಮೇಲೆ ಪ್ರತಿ ಶನಿವಾರ, ಊರಿನವರ ಕೆಟ್ಟ ವಸ್ತುಗಳನ್ನು ಪುಕ್ಕಟೆ ಸರಿಮಾಡಿಕೊಡುವ ನಮ್ಮ ರಿಪೇರಿ ಕೆಫೆಗೆ ಬಂದು ಕೂರುತ್ತಿದ್ದ. ಅಲ್ಲಿ ಕಾಫಿ ಹಂಚುವವಳು ನಾನು. ಯಾಕೆ ಮದುವೆಯಾಗಲಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ಬಂದೋಳು ನನ್ನ ಸ್ಕ್ರೂಡ್ರೈವರ್‌ಗಳ ಜಾಗ ಬದಲಾಯಿಸ್ತಾಳೆ, ಆಮೇಲೆ ದಿನಾ ಜಗಳ. ಯಾರಿಗೆ ಬೇಕು?" ಎಂದಿದ್ದ.

ಕೆಫೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ವಸ್ತು ತಂದವರು ಅದನ್ನು ಕೊಟ್ಟು ಹೋಗುವಂತಿಲ್ಲ, ರಿಪೇರಿ ಮಾಡುವವನ ಪಕ್ಕದಲ್ಲೇ ಕುಳಿತು ನೋಡಬೇಕು. ಈ ನಿಯಮಕ್ಕಾಗಿ ಎಲ್ಲರಿಗಿಂತ ಹೆಚ್ಚು ಹಟ ಹಿಡಿದವನೂ ವೀಬ್ರೆನ್ನೇ. ಅವನದೇ ಇನ್ನೊಂದು ಉಪದೇಶವಿತ್ತು: ಕಂಪ್ಯೂಟರಿನ ಹಳೆಯ ಡಿಸ್ಕನ್ನು ಗುಜರಿಗೆ ಕೊಡುವ ಮೊದಲು ಡ್ರಿಲ್ಲು ಹಾಕಿ ತೂತು ಮಾಡಿ, ನಿಮ್ಮ ಮನೆಯ ವಿಷಯ ಊರಿಗೆಲ್ಲ ಯಾಕೆ? ಊರಿನವರೂ ಹಾಗೇ ಮಾಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಬೌಕ್ಯೆ ತನ್ನ ಹಳೆಯ ಕಂಪ್ಯೂಟರನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಬಂದಳು. ಅವಳ ಗಂಡ ಗೆರ್ಲೋಫ್ ನಮ್ಮೂರಿನ ಹಾಯಿದೋಣಿಯ ನಾಯಕನಾಗಿದ್ದವನು. ಪಂದ್ಯದ ದಿನ ಅವನು ಸರೋವರದ ನಡುವೆ ಕೂಗಿದರೆ ದಂಡೆಯಲ್ಲಿ ಕೂತ ನಮಗೆ ಒಂದೊಂದು ಬೈಗುಳವೂ ಸ್ಪಷ್ಟವಾಗಿ ಕೇಳುತ್ತಿತ್ತು. ಆ ದೋಣಿಯಲ್ಲಿ ಹಗ್ಗ ಎಳೆಯುತ್ತಿದ್ದವನು ವೀಬ್ರೆನ್. ಅಂದರೆ ಆ ಬೈಗುಳದಲ್ಲಿ ಮುಕ್ಕಾಲು ಪಾಲು ಬೀಳುತ್ತಿದ್ದದ್ದು ಅವನಿಗೇ. ಗಂಟಲಿನ ಕ್ಯಾನ್ಸರಿಗೆಂದು ಶಸ್ತ್ರಚಿಕಿತ್ಸೆಯಾದ ಮೇಲೆ ಗೆರ್ಲೋಫ್‌ಗೆ ದನಿಯೇ ಇಲ್ಲವಾಯಿತು. ಆಸ್ಪತ್ರೆಯವರು ಬೆರಳಾಡಿಸಿ ಬರೆಯುವ ಒಂದು ಟ್ಯಾಬ್ಲೆಟ್ ಕೊಟ್ಟಿದ್ದರು. ಬರೆದದ್ದನ್ನು ಅದು ಓದುತ್ತಿತ್ತು, ಆದರೆ ಆಮ್‌ಸ್ಟರ್‌ಡ್ಯಾಮ್ ಕಡೆಯ ಯಾವನೋ ನಯವಂತನ ದನಿಯಲ್ಲಿ.

"ನಮ್ಮ ಮನೇಲಿ ಬ್ಯಾಂಕಿನೋನು ಬಂದು ಕೂತಂಗಿದೆ ಕಣೋ," ಎಂದಳು ಬೌಕ್ಯೆ. "ಆದ್ರೆ ಇವರ ಹಳೇ ದನಿ ಸಿಕ್ಕಿದ್ರೆ ಅದರಿಂದಲೇ ಹೊಸ ದನಿ ಮಾಡಿಕೊಡ್ತಾರಂತೆ. ಮೊಮ್ಮಕ್ಕಳಿಗೆ ಅಂತ ಕತೆ ಹೇಳಿ ರೆಕಾರ್ಡ್ ಮಾಡಿದ್ದಾರಲ್ಲ, ಅದೆಲ್ಲ ಇದರಲ್ಲೇ ಇದೆ. ಟ್ಯಾಬ್ಲೆಟ್‌ಗೆ ಹಾಕ್ಬೇಕು. ಅದರ ತಂತಿ ಇದಕ್ಕೆ ಹಿಡಿಯೋದೇ ಇಲ್ಲ. ಇರೋ ತೂತೆಲ್ಲ ಹಿಂದೆ, ಮೇಜಿನ ಕೆಳಗೆ ಬಗ್ಗೋಕೆ ನನ್ನ ಮಂಡಿ ಕೇಳಲ್ಲ."

ಬೇರೆ ಯಾರಾದರೂ ಆಗಿದ್ದರೆ ಒಂದು ಸಾಧಾರಣ ಕೇಬಲ್ ಕೊಟ್ಟು ಕಳಿಸುತ್ತಿದ್ದರು. ಅದೇ ಸಾಕಾಗಿತ್ತು. ಆದರೆ ವೀಬ್ರೆನ್‌ಗೆ ಗೆಳೆಯನ ಕೆಲಸ ಅಚ್ಚುಕಟ್ಟಾಗಿ ಆಗಬೇಕು. ಮುಂಭಾಗದಲ್ಲೇ ಟ್ಯಾಬ್ಲೆಟ್ಟಿನ ತಂತಿ ಹಿಡಿಯುವ ಯುಎಸ್‌ಬಿ-ಸಿ ಕಿಂಡಿ ಇರುವ, ಕಂಪ್ಯೂಟರಿನ ಹೊಸ ಖಾಲಿ ಪೆಟ್ಟಿಗೆಯೊಂದು ಅವನ ಮನೆಯಲ್ಲಿತ್ತು. ಆ ಕಿಂಡಿಯ ತಂತಿ ಸಿಕ್ಕಿಸಲು ಹಳೆಯ ಮದರ್‌ಬೋರ್ಡಿನಲ್ಲಿ ಜಾಗವಿರಲಿಲ್ಲ, ನಡುವೆ ಒಂದು ಕಾರ್ಡು ಕೂರಿಸಬೇಕಿತ್ತು.

"ಮನೆಗೆ ತಗೊಂಡು ಹೋಗಿ ಮಾಡ್ತೀನಿ," ಎಂದ.

"ನಿನ್ನ ನಿಯಮ ಎಲ್ಲಿ ಹೋಯ್ತಪ್ಪ?" ಎಂದು ನಾನು ಕೆಣಕಿದೆ.

"ಇದು ಗೆರ್ಲೋಫ್‌ದು," ಎಂದ, ಅದೇ ದೊಡ್ಡ ಕಾರಣ ಎಂಬಂತೆ.

ಮನೆಯಲ್ಲಿ ಎಲ್ಲವನ್ನೂ ಹೊಸ ಪೆಟ್ಟಿಗೆಗೆ ವರ್ಗಾಯಿಸಿ, ಬೋರ್ಡಿನ ಕೆಳಗಿನ ಸ್ಲಾಟಿಗೆ ಕಾರ್ಡು ಹಾಕಿ, ಕಂಪ್ಯೂಟರ್ ಶುರುಮಾಡಿದ. ಮುಂದಿನ ಕಿಂಡಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಒಳಗಿದ್ದ ಎರಡು ಡಿಸ್ಕುಗಳಲ್ಲಿ ಹಳೆಯದು ಪರದೆಯ ಮೇಲೆ ಕಾಣಿಸಲಿಲ್ಲ. ವಯಸ್ಸಾದ ಡಿಸ್ಕು, ಸತ್ತಿದೆ ಎಂದುಕೊಂಡ. ಹೊಸ ಡಿಸ್ಕನ್ನು ಬೌಕ್ಯೆಯ ಅಣ್ಣನ ಮಗ ಹಿಂದಿನ ವರ್ಷವಷ್ಟೇ ಹಾಕಿದ್ದ. ಪರದೆಯ ಮೇಲೆ 'ಗೆರ್ಲೋಫ್' ಎಂಬ ಹಳದಿ ಚಿತ್ರ ಕಾಣುತ್ತಿತ್ತು. ಕತೆಗಳೆಲ್ಲ ಅದರೊಳಗೇ ಇವೆ ಎಂದು ವೀಬ್ರೆನ್ ನಂಬಿದ. ಒತ್ತಿ ನೋಡಲಿಲ್ಲ. ಆದರೂ ಬೌಕ್ಯೆಗೆ ಫೋನು ಮಾಡಿದ. ಅವಳು ಗಂಡನ ಜೊತೆ ಆಸ್ಪತ್ರೆಯಲ್ಲಿದ್ದಳು.

"ಹಳೇ ಡಿಸ್ಕು ಸತ್ತಿದೆ, ತೆಗೆದುಹಾಕ್ಲಾ?"

"ನನಗೇನು ತಿಳಿಯುತ್ತೆ ವೀಬ್ರೆನ್? ನಿನಗೆ ಸರಿ ಅನ್ನಿಸಿದ್ದು ಮಾಡು."

ಅವನು ತನ್ನ ಉಪದೇಶದಂತೆಯೇ ನಡೆದ. ಡಿಸ್ಕನ್ನು ಅಲುಗದಂತೆ ಮೇಜಿಗೆ ಬಿಗಿದು ಈಚೆಯಿಂದ ಆಚೆಗೆ ಕೊರೆದು, ಪುರಸಭೆಯ ಗುಜರಿ ಅಂಗಳಕ್ಕೆ ಹಾಕಿ ಬಂದ.

ಮುಂದಿನ ಶನಿವಾರ ಬೌಕ್ಯೆ ಅದೇ ತಳ್ಳುಗಾಡಿಯೊಂದಿಗೆ ಮತ್ತೆ ಬಂದಳು. "ಕಿಂಡಿ ಚೆನ್ನಾಗಿದೆ ಕಣೋ. ಆದ್ರೆ ಗೆರ್ಲೋಫ್ ಅಂತ ಇರೋದನ್ನ ಒತ್ತಿದ್ರೆ ಏನೂ ಬರ್ತಿಲ್ಲ."

ವೀಬ್ರೆನ್ ಈ ಸಲ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡ. ಆ ಹಳದಿ ಚಿತ್ರ ಬರೀ ದಾರಿ ತೋರಿಸುವ ಗುರುತು, ಕತೆಗಳಿದ್ದದ್ದು ಹಳೆಯ ಡಿಸ್ಕಿನಲ್ಲಿ. ಅದು ಗೊತ್ತಾದ ಕೂಡಲೇ ಅವನ ಮುಖ ಬಿಳಿಚಿಕೊಂಡಿತು. ಏನೋ ಅನುಮಾನ ಬಂದು, ತನ್ನ ಚೀಲದಿಂದ ಚೆನ್ನಾಗಿರುವ ಬೇರೊಂದು ಡಿಸ್ಕು ತೆಗೆದು, ಹಳೆಯದು ಇದ್ದ ಜಾಗಕ್ಕೇ ಸಿಕ್ಕಿಸಿದ. ಅದೂ ಕಾಣಿಸಲಿಲ್ಲ. ಕಾರ್ಡನ್ನು ಕಿತ್ತು ಮತ್ತೆ ಶುರುಮಾಡಿದ. ಕಾಣಿಸಿತು. ಆ ಬೋರ್ಡಿನ ಗುಣವೇ ಹಾಗಂತೆ, ಕೆಳಗಿನ ಸ್ಲಾಟಿಗೆ ಕಾರ್ಡು ಹಾಕಿದರೆ ಆ ಜಾಗದ ಡಿಸ್ಕು ಕೆಲಸ ನಿಲ್ಲಿಸಿಬಿಡುತ್ತದೆ.

ಡಿಸ್ಕು ತಾನಾಗಿ ಕೆಟ್ಟಿತ್ತು ಎಂದು ಅವನು ಹೇಳಬಹುದಿತ್ತು. ಬೌಕ್ಯೆಗೆ ಇದೊಂದೂ ಅರ್ಥವಾಗಿರಲಿಲ್ಲ, ನನಗೂ ಅಷ್ಟೇ. ನಾನು ಕಾಫಿ ಜಗ್ಗು ಹಿಡಿದು ನಿಂತಿದ್ದೆ.

"ಅದು ಸತ್ತಿರಲಿಲ್ಲ ಬೌಕ್ಯೆ," ಎಂದ ಅವನು. "ಚೆನ್ನಾಗಿತ್ತು. ಬೇರೆ ಮಿಷನ್ನಿಗೆ ಹಾಕಿ ನೋಡಿದ್ರೆ ಗೊತ್ತಾಗ್ತಿತ್ತು. ನಾನು ನೋಡ್ಲಿಲ್ಲ. ತೂತು ಹಾಕ್ಬಿಟ್ಟೆ."

ಬೌಕ್ಯೆ ಆ ಹೊಸ ಕಿಂಡಿಯ ಮೇಲೆ ಬೆರಳಾಡಿಸಿದಳು. "ನೀನು ಕೇಳಿದ್ದೆ. ನಾನೇ ಹೂಂ ಅಂದೆ," ಎಂದಳು.

"ನಿನಗೇನು ಗೊತ್ತಿತ್ತು? ಗೊತ್ತಿರಬೇಕಾದೋನು ನಾನು."

ಅವನು ಗುಜರಿ ಅಂಗಳಕ್ಕೆ ಓಡಿದ. ಲಾರಿ ಬಂದು ಹೋಗಿತ್ತು. ಸಿಕ್ಕಿದ್ದರೂ ಏನು ಮಾಡುತ್ತಿದ್ದ? ಕೊರೆದವನು ಅವನೇ, ಎಷ್ಟು ಚೆನ್ನಾಗಿ ಕೊರೆದಿದ್ದನೆಂದು ಅವನಿಗೇ ಗೊತ್ತಿತ್ತು. ಊರಿನವರೆಲ್ಲ ತಮ್ಮ ತಮ್ಮ ಫೋನುಗಳನ್ನು ಜಾಲಾಡಿದರು. ಪಂದ್ಯದ ವಿಡಿಯೋಗಳಲ್ಲಿ ಗಾಳಿಯ ಸದ್ದು ಮತ್ತು ನಮ್ಮದೇ ಕಿರುಚಾಟ, ಅಷ್ಟೇ. ನನಗೆ ವೀಬ್ರೆನ್ ಮೇಲೆ ಸಿಟ್ಟು ಬಂತು, ಆ ಸಿಟ್ಟಿನ ನಡುವೆಯೇ ಅವನನ್ನು ನೋಡಿ ಅಯ್ಯೋ ಎಂದೂ ಅನ್ನಿಸಿತು. ಅವನು ಕೆಫೆಗೆ ಬರುವುದನ್ನು ನಿಲ್ಲಿಸಿದ.

ಈಸ್ಟರ್ ಹೊತ್ತಿಗೆ ಬೌಕ್ಯೆ ಹಟ ಹಿಡಿದು ಅವನನ್ನು ಮನೆಗೆ ಕರೆಸಿದಳು, ಜೊತೆಗಿರಲಿ ಎಂದು ನನ್ನನ್ನೂ ಕರೆದಳು. ಸಕ್ಕರೆ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಹಚ್ಚಿ ಮುಂದಿಟ್ಟಳು. ವೀಬ್ರೆನ್ ಮುಟ್ಟಲಿಲ್ಲ. ಗೆರ್ಲೋಫ್ ಟ್ಯಾಬ್ಲೆಟ್ ಮೇಲೆ ನಿಧಾನವಾಗಿ ಬೆರಳಾಡಿಸಿದ.

"ನನಗೆ ಸಿಟ್ಟು ಬಂದಿತ್ತು," ಎಂದಿತು ಆ ನಯವಾದ ದನಿ. "ಈಗಲೂ ಸ್ವಲ್ಪ ಇದೆ. ತಿನ್ನು."

ವೀಬ್ರೆನ್ ತಲೆ ತಗ್ಗಿಸಿಕೊಂಡು ತಿಂದ. ಸ್ವಲ್ಪ ಹೊತ್ತಿನ ಮೇಲೆ ಬೌಕ್ಯೆ ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.

"ಗೆದ್ದು ಬರುವಾಗ ಇವರು ದೋಣಿಯಿಂದಲೇ ನನ್ನ ಹೆಸರು ಹಿಡಿದು ಕರೀತಿದ್ರಲ್ಲ, ನೀನು ಪಕ್ಕದಲ್ಲೇ ಇರ್ತಿದ್ದೆ. ಹೇಗೆ ಕರೀತಿದ್ರು? ಒಂದ್ಸಲ ಕೂಗಿ ತೋರಿಸು. ಈಚೆಗೆ ನನಗೆ ನೆನಪೇ ಆಗ್ತಿಲ್ಲ ಕಣೋ."

ಕೂಗುವವನಂತೆ ವೀಬ್ರೆನ್ ಎದ್ದು ನಿಂತ. ಎದೆ ತುಂಬ ಉಸಿರೆಳೆದುಕೊಂಡು ಬಾಯಿ ತೆರೆದ. ಗೆರ್ಲೋಫ್ ಟ್ಯಾಬ್ಲೆಟ್ ಕೆಳಗಿಟ್ಟು ಅವನ ಮುಖವನ್ನೇ ನೋಡುತ್ತಿದ್ದ. "ಬೌ" ಎಂದವನು ಅಲ್ಲಿಗೇ ನಿಲ್ಲಿಸಿದ. ಇನ್ನೊಮ್ಮೆ ಪ್ರಯತ್ನಿಸಿದ. ಬಂದದ್ದು ವೀಬ್ರೆನ್‌ನದೇ ದನಿ, ಗೆರ್ಲೋಫನದಲ್ಲ.

"ನನಗೂ ನೆನಪಿಗೆ ಬರ್ತಿಲ್ಲ," ಎಂದು ಕೂತುಬಿಟ್ಟ.