ಅಜ್ಜ ಕುಡಿಯದೆ ಎದ್ದ ಈಸ್ಟರ್

ಆಗೆಲ್ಲ ನಮ್ಮ ಕೇರಿಯ ಚರ್ಚಿಗೆ ದ್ರಾಕ್ಷಾರಸ ಅಂಗಡಿಯಿಂದ ಬರುತ್ತಿರಲಿಲ್ಲ, ನಮ್ಮ ಅಜ್ಜಿಯ ಒಲೆಯಿಂದ ಬರುತ್ತಿತ್ತು. ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ ಕಾಲುವೆ ದಾಟಿದರೆ ನಮ್ಮೂರು. ಸಭೆಗೆ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನವಿರುವ ಭಾನುವಾರದ ಹಿಂದಿನ ದಿನ ಅಜ್ಜಿ ತಲೆಗೆ ಎರೆದುಕೊಂಡು, ಕರಿ ದ್ರಾಕ್ಷಿಯನ್ನು ಕೈಯಿಂದ ಕಿವುಚಿ, ಬಿಳಿ ಬಟ್ಟೆಯಲ್ಲಿ ಸೋಸಿ, ಸಕ್ಕರೆ ಹಾಕಿ ಕುದಿಸಿ ಆರಿಸುತ್ತಿದ್ದಳು. ಮನೆಯೆಲ್ಲ ಸಿಹಿ ಘಮ. ಕುಂಟೆಬಿಲ್ಲೆ ಬಿಟ್ಟು ಓಡಿಬಂದು ನಾವು ಹುಡುಗಿಯರು ಬಾಗಿಲಲ್ಲಿ ನಿಲ್ಲುತ್ತಿದ್ದೆವು. ರಸದ ಒಂದು ಹನಿಯೂ ನಮಗಿಲ್ಲ, ಅದು ದೊಡ್ಡವರಿಗೆ, ಚರ್ಚಿನಲ್ಲಿ. ನಮ್ಮ ಪಾಲಿಗೆ ಬರುತ್ತಿದ್ದುದು ಬಟ್ಟೆಯಲ್ಲಿ ಉಳಿದ ಸಿಪ್ಪೆ. ಅದನ್ನೇ ಚೀಪಿ ನಾಲಿಗೆ ನೀಲಿ ಮಾಡಿಕೊಂಡು ಒಬ್ಬರಿಗೊಬ್ಬರು ತೋರಿಸುತ್ತಿದ್ದೆವು.

ಅಜ್ಜ ಗೌಂಡಿ. ಚರ್ಚಿನ ಗೋಡೆಯ ಅರ್ಧ ಕಲ್ಲುಗಳನ್ನು ಕೂಡಿಸಿದವನು ಅವನೇ, ಸಭೆಯಲ್ಲಿ ಹಿರಿಯ. ದಿನಾ ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಒಂದು ಲೋಟ ಸೇಂದಿ ಕುಡಿಯುತ್ತಿದ್ದ. ಈಚಲ ಮರದ ಸೇಂದಿ, ಒಂದೇ ಲೋಟ. ಎರಡನೆಯದಕ್ಕೆ ಕೈ ಚಾಚಿದ್ದನ್ನು ನಾನು ಕಂಡಿಲ್ಲ. ಕುಡಿದ ಮೇಲೆ ನನ್ನನ್ನು ಕರೆದು ಕೀರ್ತನೆ ಹೇಳಿಸುತ್ತಿದ್ದ, ತಪ್ಪಿದರೆ ತಿದ್ದುತ್ತಿದ್ದ. ಆ ಹುಳಿ ವಾಸನೆ ನನಗೆ ಅಜ್ಜನದೇ ವಾಸನೆ.

ನನಗೆ ಹತ್ತು ವರ್ಷವಿದ್ದಾಗ ಲಿಂಗಸುಗೂರಿನ ಕಡೆಯಿಂದ ಹೊಸ ಪಾಸ್ಟರ್ ಬಂದರು. ಇನ್ನೂ ಎಳೆಯ ವಯಸ್ಸು, ದನಿ ಮಾತ್ರ ಗಟ್ಟಿ. ಕುಡಿಯುವವರು ಕರ್ತನ ಭೋಜನಕ್ಕೆ ಮೊಣಕಾಲೂರಬಾರದು ಎಂದು ಕ್ರಿಸ್‌ಮಸ್ ಮುಗಿದ ಮೇಲೆ ಸಾರಿಬಿಟ್ಟರು. ಅಜ್ಜ ಬಿಡುತ್ತಾನೆಯೇ? ಬೈಬಲಿನ ಮದುವೆಮನೆಯಲ್ಲಿ ಕರ್ತ ನೀರನ್ನು ದ್ರಾಕ್ಷಾರಸ ಮಾಡಿದ್ದು ಶರಬತ್ತು ಹಂಚಲಿಕ್ಕೇನು ಎಂದು ಕೇಳಿದ. ಅಮಲೇರುವುದು ಪಾಪ, ಒಂದು ಲೋಟ ಪಾಪವೆಂದು ಎಲ್ಲಿ ಬರೆದಿದೆ ತೋರಿಸಿ ಎಂದ. ಆ ಮದುವೆಗೆ ಬಂದವರು ಮನೆಗೆ ಹೋಗಿ ಹೆಂಡತಿಯನ್ನು ಹೊಡೆಯಲಿಲ್ಲ, ನಮ್ಮ ಕೇರಿಯವರು ಹೊಡೆಯುತ್ತಾರೆ ಎಂದರು ಪಾಸ್ಟರ್. ಇಬ್ಬರೂ ಓದುತ್ತಿದ್ದುದು ಅದೇ ಪುಸ್ತಕ. ನಾನು ಒಳಗೊಳಗೇ ಅಜ್ಜನ ಪಕ್ಷ. ಅಜ್ಜಿ ಮಾತ್ರ ಬಹಿರಂಗವಾಗಿ ಪಾಸ್ಟರ್ ಪಕ್ಷ.

ಅಜ್ಜನನ್ನು ಬಗ್ಗಿಸಿದ್ದು ವಾದವಲ್ಲ, ಪಕ್ಕದ ಮನೆಯ ಮಾರ್ಥಮ್ಮ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸಕಾಲ ಶುರುವಾದ ಮುಂಜಾನೆ ಕಟ್ಟೆಯ ಹತ್ತಿರ ಬಂದು ನಿಂತಳು. ಅವಳ ಹುಬ್ಬು ಒಡೆದಿತ್ತು.

“ಮಾವಾ, ನೀವು ಒಂದು ಲೋಟ ಕುಡಿತೀರಿ. ನನ್ನ ಗಂಡ ನಿಮ್ಮ ಹೆಸರ ಹೇಳಿ ಕೊಡ ಕುಡಿತಾನ,” ಎಂದಳು.

ಅಜ್ಜ ಅದೇ ದಿನ ಪಾಸ್ಟರ್ ಮನೆಗೆ ಹೋಗಿ, ಈಸ್ಟರ್ ಆರಾಧನೆ ಮುಗಿಯುವವರೆಗೆ ಅಮಲಿನ ಒಂದು ಹನಿ ನಾಲಿಗೆಗೆ ಸೋಕಿಸುವುದಿಲ್ಲ ಎಂದು ಮಾತು ಕೊಟ್ಟು ಬಂದ. ಈಸ್ಟರ್ ದಿನ ಅವನು ಮತ್ತೆ ಮೊಣಕಾಲೂರಬಹುದು ಎಂದಾಯಿತು.

ಆ ನಲವತ್ತು ದಿನ ಅಜ್ಜ ಪಟ್ಟ ಪಾಡು ನಮಗೇ ಗೊತ್ತು. ಸಂಜೆಯಾದರೆ ಸಿಡಿಮಿಡಿ. ಅಂಬಲಿಗೆ ಉಪ್ಪು ಹೆಚ್ಚು, ರೊಟ್ಟಿ ದಪ್ಪ, ಕೋಳಿಯ ಸದ್ದು ಜಾಸ್ತಿ. ಲೋಟ ಹಿಡಿಯುವ ಹೊತ್ತಿಗೆ ಕೈಗೆ ಕೆಲಸವಿರಲೆಂದು ಬಂಡೆಯ ತುಂಡೊಂದರ ಮೇಲೆ ನನಗೆ ಚೌಕಾಬಾರದ ಮನೆ ಕೊರೆದುಕೊಟ್ಟ. ಮಾತು ಮಾತ್ರ ಮುರಿಯಲಿಲ್ಲ.

ಈಸ್ಟರಿನ ಹಿಂದಿನ ಸೋಮವಾರ ಮುದಗಲ್ಲಿನಿಂದ ಸುದ್ದಿ ಬಂತು, ಅಜ್ಜಿಯ ಅಕ್ಕನಿಗೆ ಮೈಯಲ್ಲಿ ಹುಷಾರಿಲ್ಲ ಎಂದು. ಅಜ್ಜಿ ಭಾನುವಾರ ಬೆಳಗಿನ ಬಸ್ಸಿಗೇ ಮರಳುವವಳು. ಶನಿವಾರದ ಕೆಲಸವನ್ನು ಸೋಮವಾರವೇ ಮುಗಿಸಲು ಹೊರಟಳು. ಬಸ್ಸಿಗೆ ಹೊತ್ತಾಗಿತ್ತು. ರಸ ಬೆಚ್ಚಗಾಗುತ್ತಲೇ ಒಲೆಯಿಂದ ಇಳಿಸಿ, ಜಾಡಿಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ, ಯಾರೂ ಮುಟ್ಟಬಾರದೆಂದು ನನಗೆ ಕಾವಲು ವಹಿಸಿ ಹೋದಳು. ನಮ್ಮ ಕಡೆಯ ಏಪ್ರಿಲ್ ಬಿಸಿಲು, ತಗಡಿನ ಮನೆ, ಆರು ದಿನ.

ಕಾವಲಿನವಳೇ ಕಳ್ಳಿ. ಶುಕ್ರವಾರ ಎಲ್ಲರೂ ಚರ್ಚಿನಲ್ಲಿದ್ದಾಗ ಬಟ್ಟೆ ಸಡಿಲಿಸಿ ಬೆರಳದ್ದಿ ನೆಕ್ಕಿದೆ. ನಾಲಿಗೆ ಚುರುಗುಟ್ಟಿತು. ಒಳಗೆ ಗುಳುಗುಳು ಸದ್ದು, ಮೇಲೆ ನೊರೆ, ಮೂಗಿಗೆ ಅಜ್ಜನ ಸಂಜೆಯ ವಾಸನೆ. ನನ್ನ ಎಂಜಲು ಬೆರಳಿನಿಂದಲೇ ಕರ್ತನ ಪಾತ್ರೆ ಕೆಟ್ಟಿತು ಎಂದುಕೊಂಡು ಬಟ್ಟೆಯನ್ನು ಮತ್ತೆ ಬಿಗಿದು ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ನಾನೇ ಅದನ್ನು ಶೀಶೆಗೆ ತುಂಬಿ ಒಯ್ದು ಚರ್ಚಿನಲ್ಲಿಟ್ಟೆ. ಅಜ್ಜಿ ಬಸ್ಸಿಳಿದು ನೇರ ಅಲ್ಲಿಗೇ ಬಂದಳು.

ಸಭೆ ಸಾಲಾಗಿ ಮುಂದೆ ಹೋಗಿ ಮೊಣಕಾಲೂರಿತು. ಮೊದಲು ಹೆಂಗಸರು. ಅಜ್ಜಿ ಗುಟುಕು ನುಂಗಿ ಮುಖ ಹಿಂಡಿದಳು, ದ್ರಾಕ್ಷಿ ಹುಳಿಯಿದ್ದಿರಬೇಕು ಎಂದುಕೊಂಡಳಂತೆ. ಗಂಡಸರ ಸಾಲಿನಲ್ಲಿ ಇಬ್ಬರು ಮೂವರಿಗಾದರೂ ಗೊತ್ತಾಗಿರಬೇಕು. ಆದರೆ ಗೊತ್ತಾಯಿತೆಂದು ಹೇಳಿದರೆ ಹೇಗೆ ಗೊತ್ತಾಯಿತೆಂದು ಹೇಳಬೇಕಾಗುತ್ತದಲ್ಲ, ಸುಮ್ಮನೆ ಬಾಯಿ ಒರೆಸಿಕೊಂಡು ಎದ್ದರು.

ಅಜ್ಜ ರೊಟ್ಟಿ ತೆಗೆದುಕೊಂಡ. ಪಾತ್ರೆ ಮುಖದ ಹತ್ತಿರ ಬಂತು. ನಾನು ನೋಡುತ್ತಿದ್ದೆ. ಅವನು ತಡೆದ. ಪಾತ್ರೆಯನ್ನು ನೋಡಿದ, ತಿರುಗಿ ಅಜ್ಜಿಯ ಕಡೆ ನೋಡಿದ. ಕುಡಿದರೆ ಕೊಟ್ಟ ಮಾತು ಹೋಗುತ್ತಿತ್ತು, ಬಾಯಿಬಿಟ್ಟರೆ ಅಜ್ಜಿಯ ಮಾನ ಹೋಗುತ್ತಿತ್ತು. ತಲೆ ತಗ್ಗಿಸಿ, ಪಾತ್ರೆಯನ್ನು ಮೆಲ್ಲಗೆ ಆಚೆ ಸರಿಸಿ, ಎದ್ದು ಬಂದು ತನ್ನ ಜಾಗದಲ್ಲಿ ಕೂತ. ಕೇಳಬೇಕೇ, ಕದ್ದು ಕುಡಿದಿರಬೇಕು, ಅದಕ್ಕೇ ಕರ್ತನ ಪಾತ್ರೆ ಮುಟ್ಟಲು ಹೆದರಿದ ಎಂದು ಚಾಪೆಯಿಂದ ಚಾಪೆಗೆ ಪಿಸುಮಾತು ಹರಿಯಿತು. ಮಾರ್ಥಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜಿ ಅಲ್ಲಿ ಏನೂ ಅನ್ನಲಿಲ್ಲ, ಮನೆಯಲ್ಲಿ ಎಲ್ಲ ಅಂದಳು.

ಮಧ್ಯಾಹ್ನ ಅಜ್ಜಿ ನೀರಿಗೆ ಹೋದಾಗ ಪಾಸ್ಟರ್ ಬಂದರು. ಪಾತ್ರೆಯಲ್ಲಿ ಉಳಿದದ್ದನ್ನು ಕೊನೆಗೆ ಅವರೇ ಕುಡಿದು ಮುಗಿಸಬೇಕು, ಅದು ಪದ್ಧತಿ. ಕಟ್ಟೆಯ ಮೇಲೆ ಅಜ್ಜನ ಪಕ್ಕ ಕೂತರು.

“ಅದು ನಮ್ಮಪ್ಪನ ಬಾಯಾಗಿನ ವಾಸನಿರಿ ಹಿರಿಯರ. ಅವ ಕುಡದ ಕುಡದ ಸತ್ತ. ನನಗ ಗೊತ್ತಾಗ್ದ ಇರತೈತೇನು?” ಎಂದರು. “ಅಲ್ಲೇ ಯಾಕ ಹೇಳಲಿಲ್ರಿ?” ಎಂದು ಕೇಳಿದರು.

“ಹೇಳಿದ್ರ ಆಕಿ ಜನ್ಮದಾಗ ಆ ಜಾಡಿ ಮುಟ್ಟತಿದ್ದಿಲ್ರಿ. ನೀವೂ ಹೇಳಬ್ಯಾಡ್ರಿ,” ಎಂದ ಅಜ್ಜ.

ಬಾಗಿಲ ಹಿಂದಿದ್ದ ನಾನು ಅಳುತ್ತಾ ಹೊರಗೆ ಬಂದು ಬೆರಳಿನ ವಿಷಯ ಒಪ್ಪಿಕೊಂಡೆ. ಪಾಸ್ಟರ್‌ಗೆ ನಗು ತಡೆಯಲಾಗಲಿಲ್ಲ. ಬೆರಳಿನಿಂದ ಹಾಗಾಗುವುದಿಲ್ಲ, ಬಿಸಿಲಿನಿಂದ ಎಂದು ಅಜ್ಜ ನನ್ನ ಕಣ್ಣೊರೆಸಿ, ಅಜ್ಜಿಗೆ ಎಂದೂ ಹೇಳಬಾರದೆಂದು ನನ್ನಿಂದಲೂ ಮಾತು ತೆಗೆದುಕೊಂಡ.

ಮಾರ್ಥಮ್ಮನಿಗೂ ಅವಳ ಗಂಡನಿಗೂ, ಹಿರಿಯರು ಮಾತು ಮುರಿದಿಲ್ಲ, ಅದಕ್ಕೆ ತಾವು ಹೊಣೆ ಎಂದಷ್ಟೇ ಪಾಸ್ಟರ್ ಹೇಳಿದರಂತೆ. ಅಜ್ಜ ಮತ್ತೆ ಒಂದು ಲೋಟಕ್ಕೆ ಮರಳಿದ, ಆದರೆ ಕಟ್ಟೆಯ ಮೇಲಲ್ಲ, ಒಳಗೆ, ಬಾಗಿಲು ಹಾಕಿಕೊಂಡು. ಪಾಸ್ಟರ್ ಕೇಳಲಿಲ್ಲ. ಮುಂದಿನ ಭೋಜನದಲ್ಲಿ ಪಾತ್ರೆಯನ್ನು ಸುಮ್ಮನೆ ಅವನ ತುಟಿಗೆ ಹಿಡಿದರು. ಅಜ್ಜಿ ಮಾತ್ರ, ಇಷ್ಟು ಮೆತ್ತಗಿದ್ದರೆ ಸಭೆ ನಡೆಯುತ್ತದೆಯೇ ಎಂದು ಪಾಸ್ಟರನ್ನೂ ಬೈದಳು. ಅಜ್ಜ ಮಣ್ಣಾಗುವವರೆಗೆ, ಜಗಳ ಯಾವುದೇ ಇರಲಿ, ಅದು ಆ ಈಸ್ಟರಿಗೇ ಹೋಗಿ ಮುಟ್ಟುತ್ತಿತ್ತು. ಅವನು ಬೀಡಿ ಹಚ್ಚಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದ.

ಈಗ ಚರ್ಚಿಗೆ ದ್ರಾಕ್ಷಾರಸ ಬಾಟಲಿಯಲ್ಲಿ ಬರುತ್ತದೆ, ಮುಚ್ಚಳದ ಮೇಲೆ ಕಂಪನಿಯ ಮುದ್ರೆ. ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಕಪ್ಪು. ಕ್ರೈಸ್ತರು ಮಿತವಾಗಿ ಕುಡಿಯಬಹುದೇ ಎಂದು ಸಭೆಯ ವಾಟ್ಸಾಪ್ ಗುಂಪಿನಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ, ವಚನದ ಅಂಕಿಗಳ ಸಮೇತ. ನಾನು ಎಲ್ಲವನ್ನೂ ಓದುತ್ತೇನೆ, ಏನೂ ಬರೆಯುವುದಿಲ್ಲ.

ಅಜ್ಜ ಹೋಗಿ ಮೂರು ವರ್ಷವಾದ ಮೇಲೆ ಒಂದು ದಿನ ಅಜ್ಜಿ ಮತ್ತೆ ಅದೇ ಕಥೆ ತೆಗೆದಾಗ ತಡೆಯಲಾಗದೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವಳಿಗೆ ಮೊದಲು ನಂಬಿಕೆ ಬರಲಿಲ್ಲ. ಆಮೇಲೆ, ಇಡೀ ಸಭೆಗೇ ಕುಡಿಸಿದೆನೇ ನಾನು ಎಂದು ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಕ್ಕು ನಕ್ಕು ಅತ್ತಳು.

“ಅವ ಇದ್ದಾಗ ಹೇಳಬೇಕಿತ್ತಲ್ಲಬೇ ನೀ,” ಎಂದಳು. “ಅವನ ಕೂಡ ಒಂದ ಸಲ ನಗತಿದ್ದೆ.”

ಅಜ್ಜನಿಗೆ ಕೊಟ್ಟ ಮಾತನ್ನು ಅಷ್ಟು ವರ್ಷ ಕಾಪಾಡಿದೆನೆಂದು ನನಗೆ ಹೆಮ್ಮೆಯಿತ್ತು. ಅವರಿಬ್ಬರೂ ಆ ಕಟ್ಟೆಯ ಮೇಲೆ ಕೂತು ಕೂಡಿ ನಗಬಹುದಾಗಿದ್ದ ಒಂದು ಸಂಜೆಯನ್ನು ನಾನು ಕಳೆದುಹಾಕಿದ್ದೆ.