ಬೆರಳಿಗಷ್ಟೇ ಗೊತ್ತಿದ್ದ ಕೀಲಿ

ಬೀಗದಜ್ಜನನ್ನು ಅರಿಯದವರು ಆ ಬೀದಿಯಲ್ಲಿ ಇರಲಿಲ್ಲ. ಐವತ್ತು ವರ್ಷ ಅರ ತಿಕ್ಕಿದ ಕೈ ಅವನದು. ಅರದ ಪುಡಿ ಸಿಡಿದು ಎಡಗಣ್ಣು ಹರೆಯದಲ್ಲೇ ಹೋಗಿತ್ತು. ಉಳಿದ ಒಂದೇ ಕಣ್ಣಲ್ಲಿ ಊರಿನ ಬೀಗಗಳ ಹೊಟ್ಟೆಯೊಳಗೆಲ್ಲ ಇಣುಕಿ ಬಂದಿದ್ದ. ಅವನದೊಂದು ನೇಮ: ಯಾವ ಕೀಲಿಗೂ ಜೋಡಿ ಮಾಡಿ ಇಟ್ಟುಕೊಳ್ಳಬಾರದು. ಗಿರಾಕಿಯದಿರಲಿ, ತನ್ನದೇ ಇರಲಿ.

ಒಮ್ಮೆ ಹಳೇ ತಿಜೋರಿಯೊಂದರ ವಿಚಾರ ಗೆಳೆಯನಿಗೆ ಇಮೇಲ್ ಬರೆದ. ಮರುದಿನ ಪರದೆಯ ತುಂಬ ತಿಜೋರಿಯ ಜಾಹೀರಾತು!

"ನನ್ನ ಹೆಗಲ ಮೇಲಿಂದ ಯಾರೋ ಇಣುಕ್ತಿದಾರೆ ಕಣೇ" ಎಂದ ಹೆಂಡತಿಗೆ.

"ಇಣುಕಿದ್ರೆ ಇಣುಕಲಿ ಬಿಡಿ, ಅವರಿಗೇ ಬೇಜಾರಾಗುತ್ತೆ" ಎಂದಳು ಅವಳು, ಹೆಣೆಯುತ್ತಿದ್ದ ಸ್ವೆಟರಿನಿಂದ ಕಣ್ಣೆತ್ತದೆ.

ಅಜ್ಜ ಬಿಡುವ ಆಸಾಮಿಯಲ್ಲ. ಅಟ್ಟದ ಹಳೇ ಕಂಪ್ಯೂಟರನ್ನು ಇಳಿಸಿ ಅಂಗಡಿಯ ಗೂಡಿನಲ್ಲಿಟ್ಟು, ಪುಸ್ತಕ ಮಗುಚಿ, ಬಿದ್ದೆದ್ದು, ಎರಡು ವರ್ಷಕ್ಕೆ ತನ್ನದೇ ಇಮೇಲ್ ಅಂಚೆಮನೆ ಕಟ್ಟಿದ. ಮೊದಮೊದಲು ಅವನ ಪತ್ರಗಳೆಲ್ಲ ಜನರ ಸ್ಪ್ಯಾಮ್ ಎಂಬ ಕಸದ ಡಬ್ಬಿಗೆ ಬೀಳುತ್ತಿದ್ದವು. ದೊಡ್ಡ ಕಂಪನಿಗಳ ಯಂತ್ರಗಳು ನಂಬುವಂತೆ ಪ್ರತಿ ಪತ್ರಕ್ಕೂ ಸ್ವಂತ ಮುದ್ರೆ ಒತ್ತುವುದನ್ನೂ ಕಲಿತ. ಕೊನೆಗೆ ಇಡೀ ಕಂಪ್ಯೂಟರ್ ಪೆಟ್ಟಿಗೆಗೇ ಬೀಗ ಜಡಿದ: ಕಳ್ಳ ಹೊತ್ತೊಯ್ದರೂ ಒಂದಕ್ಷರ ಸಿಗಕೂಡದು. ಕರೆಂಟು ಹೋಗಿ ಬಂದಾಗಲೆಲ್ಲ ಮೂವತ್ತನಾಲ್ಕು ಅಕ್ಷರದ ಗುಟ್ಟು ಒತ್ತಿದರೆ ಮಾತ್ರ ಅದು ಕಣ್ಣು ಬಿಡಬೇಕು. ಆ ಗುಟ್ಟನ್ನು ಎಲ್ಲೂ ಬರೆದಿಡಲಿಲ್ಲ.

ಈ ವರ್ಷ ಬಲಗಣ್ಣಿನ ಒಳಪದರ ಹರಿಯಿತು. ಆಪರೇಷನ್ ಮಾಡಿ, ಕಟ್ಟು ಕಟ್ಟಿ, ಒಂದು ವಾರ ಬೋರಲಾಗಿ ಮಲಗಬೇಕೆಂದರು. ಆಸ್ಪತ್ರೆಗೆ ಹೊರಡುವ ಮುನ್ನ ಅಜ್ಜ ಅಕ್ಕನಿಗೊಂದು ಇಮೇಲ್ ಬರೆದ. ಒಂಬತ್ತು ವರ್ಷದ ಮೇಲೆ ಬರೆದ ಮೊದಲ ಪತ್ರ. ಅವರ ಮಾತು ನಿಂತದ್ದು, ಅಮ್ಮನ ಮನೆಯ ಬಾಗಿಲಿಗೆ ಅವನು ಹೊಸ ಬೀಗ ಹಾಕಿ, ನೇಮದಂತೆ ಜೋಡಿ ಕೀಲಿ ಮಾಡದೆ ಇದ್ದ ಕಾಲದಲ್ಲಿ. ಅಮ್ಮನ ಕೊನೆಯ ದಿನ ಅವನು ಬಾಗಿಲಿಗೆ ಬೀಗ ಹಾಕಿ ಡಾಕ್ಟರನ್ನು ಕರೆಯಲು ಓಡಿದ್ದಾಗ ಅಕ್ಕ ಬಂದಳು. ಅವಳ ಕೈಲಿದ್ದ ಹಳೇ ಕೀಲಿ ತಿರುಗಲಿಲ್ಲ. ಬಾಗಿಲಾಚೆ ನಿಂತಿದ್ದಂತೆಯೇ ಒಳಗೆ ಅಮ್ಮ ಹೋಗಿಬಿಟ್ಟಳು.

"ತಪ್ಪು ನನ್ನದು. ಮನಸ್ಸಾದರೆ ಒಂದು ಸಾಲು ಬರಿ" ಎಂದು ಬರೆದಿದ್ದ.

ಆಪರೇಷನ್ನಿನ ದಿನವೇ ಬೀದಿಯಲ್ಲಿ ಕರೆಂಟು ಹೋಯಿತು. ಎರಡನೇ ದಿನ ಹೆಂಡತಿ ಸಹಜವಾಗಿ ಆ ಮಾತೆತ್ತಿದಾಗ ಅಜ್ಜ ಮಂಚದ ಅಂಚು ಹಿಡಿದ. ಪೆಟ್ಟಿಗೆ ಮಲಗಿದೆ! ಉತ್ತರ ಬಂದರೂ ಬಾಗಿಲು ಮುಚ್ಚಿದೆ. ನಾಲ್ಕೈದು ದಿನ ಬಡಿದು ನೋಡಿ, ಪತ್ರ ಬರೆದವಳಿಗೇ ಮರಳುತ್ತದೆ. ಮತ್ತೆ ಅದೇ ಬಾಗಿಲಾಚೆ ಅಕ್ಕ.

"ನಿಮ್ಮಕ್ಕಂಗೆ ನನ್ನ ಫೋನಿಂದ ಬರೀಲಾ?"

"ವಿಳಾಸ ಆ ಪೆಟ್ಟಿಗೇಲೇ ಇದೆ ಕಣೇ."

"ಹಂಗಾದ್ರೆ ಗುಟ್ಟು ಹೇಳಿ."

ಅಜ್ಜ ಬಾಯಿ ತೆರೆದ. ಏನೂ ಬರಲಿಲ್ಲ. ಅದು ನಾಲಿಗೆಗೆ ಗೊತ್ತಿರಲಿಲ್ಲ, ಬೆರಳಿಗಷ್ಟೇ ಗೊತ್ತಿತ್ತು.

ಕಟ್ಟಿನೊಳಗಿನ ಕತ್ತಲೆಯಲ್ಲಿ ಅವನಿಗೆ ಹಗಲೆಲ್ಲ ಒಂದೇ ನೋಟ. ಅಂಗಡಿಯ ಮುಂದೆ ಪತ್ರವೊಂದು ಬಿಳಿ ಸೆರಗು ಹೊದ್ದು ನಿಂತಿದೆ. ಬಾಗಿಲು ತಟ್ಟುತ್ತದೆ, ಬೀದಿ ತುದಿಯವರೆಗೆ ನಡೆದು ಹೋಗುತ್ತದೆ, ಮತ್ತೆ ಬರುತ್ತದೆ. ಗೋಡೆಗೆ ತೂಗುಹಾಕಿದ ನೂರಾರು ಕೀಲಿಗಳು ಗಾಳಿಗೆ ಕಿಣಿಕಿಣಿ ಎನ್ನುತ್ತವೆ. ಒಂದೂ ಗೋಡೆ ಬಿಟ್ಟಿಳಿದು ಬರುವುದಿಲ್ಲ.

ನಾಲ್ಕನೇ ದಿನ ಹೆಂಡತಿ ಚೀಲದಲ್ಲಿ ಕೀಬೋರ್ಡನ್ನೇ ತಂದಳು.

"ಏನಜ್ಜ, ಆಫೀಸು ಇಲ್ಲಿಗೇ ಬಂತಾ?" ಎಂದು ನಗುತ್ತ ನರ್ಸು ದಿಂಬು ಸರಿಸಿಕೊಟ್ಟಳು.

ಮಂಚದಿಂದ ಕೈ ಇಳಿಬಿಟ್ಟು, ಸ್ಟೂಲಿನ ಮೇಲಿದ್ದ ಕೀಬೋರ್ಡನ್ನು ಅಜ್ಜ ಮುಟ್ಟಿದ. ಬೆರಳು ಸರಸರ ಓಡಿದವು.

"ನಿಧಾನ ರೀ! ರೈಲು ಹೋದ ಹಾಗಾಯ್ತು."

ನಿಧಾನ ಮಾಡಿದರೆ ಬೆರಳಿಗೆ ಮರೆವು. ಮತ್ತೆ ಜೋರಾಗಿ ಒತ್ತಿದ. ಅವಳು ಹೆಣಿಗೆಯ ಹೆಂಗಸು, ಓಡುವ ಸೂಜಿಯ ಹೊಲಿಗೆ ಎಣಿಸುವ ಕಣ್ಣು. "ಒಂದು ಸಲಕ್ಕೆ ಎರಡೇ ಅಕ್ಷರ ಹಿಡೀತೀನಿ, ಒತ್ತುತ್ತಾ ಇರಿ" ಎಂದಳು. ಹದಿನೇಳು ಸಲ ಅವನು ಮೊದಲಿಂದ ಕೊನೆಗೆ ಒತ್ತಿದ; ಹದಿನೇಳು ಸಲ ಅವಳು ಎರಡೆರಡು ಹಿಡಿದು ಚೀಟಿಯಲ್ಲಿ ಬರೆದಳು.

ಮರುದಿನ ಬೆಳಗ್ಗೆ ಬಂದವಳೇ ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಪೆಟ್ಟಿಗೆ ಎದ್ದಿತು. ಒಂದು ಕಾಗದ ಬಂದಿದೆ. ಫೋನಲ್ಲಿ ಫೋಟೊ ಹಿಡ್ಕೊಂಡು ಬಂದೆ, ಓದಿಲ್ಲ."

"ಓದು."

"ನಾನಾ? ಬೇರೆಯವರು ಓದಬಾರದು ಅಂತ ತಾನೇ ಇಷ್ಟೆಲ್ಲ ಕಟ್ಟಿದ್ದು!"

"ನೀನ್ಯಾವಾಗ ಬೇರೆಯವಳಾದೆ?"

ಅವಳು ಓದಿದಳು: "ತಮ್ಮಾ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಆ ಹಳೇ ಕೀಲಿ ಇನ್ನೂ ನನ್ನ ಹತ್ತಿರವೇ ಇದೆ, ಬಿಸಾಡಲು ಕೈ ಬರಲಿಲ್ಲ. ತಿಂಗಳ ಕೊನೆಗೆ ಬರೋಣ ಅಂತಿದ್ದೇನೆ. ಬಾಗಿಲು ತೆಗೆಯಲು ಯಾರಾದರೂ ಇರುತ್ತೀರಾ?"

ದಿಂಬು ಒದ್ದೆಯಾಯಿತು. ಕಣ್ಣೀರು ಒಳ್ಳೆಯದೋ ಕೆಟ್ಟದ್ದೋ ಎಂದು ನರ್ಸನ್ನು ಕೇಳಬೇಕೆಂದುಕೊಂಡಳು ಹೆಂಡತಿ, ಕೇಳಲಿಲ್ಲ. ಚೀಟಿಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತ ಅಂದಳು:

"ಇದನ್ನ ಹರಿದು ಹಾಕಲಾ? ನಿಮ್ಮ ನೇಮ."

ಅಜ್ಜನ ಕತ್ತಲೆಯೊಳಗೆ ಬಿಳಿ ಸೆರಗು ಹೊಸ್ತಿಲು ದಾಟಿ ಒಳಬಂದು, ಅಂಗಡಿಯ ಮುರುಕು ಸ್ಟೂಲಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿತ್ತು.

"ನಿನ್ನ ಹತ್ರಾನೇ ಇರಲಿ" ಎಂದ. ಆಮೇಲೆ, "ಮನೆ ಬಾಗಿಲಿಂದೂ ಒಂದು ಜೋಡಿ ಕೀಲಿ ಮಾಡ್ಬೇಕು. ಕಣ್ಣು ಬಿಚ್ಚಿದ ದಿನವೇ."